ತಾಯಿ ಕೊಟ್ಟ ಕಷಾಯ

ನಮಾಲಾ ಹಳ್ಳಿಯಲ್ಲಿ ಒಂದು ಹುಡುಗಿ ಸೊರಗಿದರೆ ಜನ ಆ ಹುಡುಗಿಯನ್ನು ಅನ್ನುವುದಿಲ್ಲ, ಹೆತ್ತವಳನ್ನು ಅನ್ನುತ್ತಾರೆ. ಆ ಮನೆಯಲ್ಲಿ ಒಲೆ ಹತ್ತುವುದಿಲ್ಲವೇನೋ, ನೆಂಟರಿಷ್ಟರು ಕೈಬಿಟ್ಟಿದ್ದಾರೇನೋ ಎಂದು ಚರ್ಚಿನ ಮೆಟ್ಟಿಲ ಮೇಲೆಯೇ ವಿಚಾರಣೆ ನಡೆದುಬಿಡುತ್ತದೆ. ಅದಕ್ಕೇ ತೋರಿಕಾ ತನ್ನ ಒಬ್ಬಳೇ ಮಗಳು ಸೈನಿಮಿಲಿಯ ಕೆನ್ನೆ ತೋಳುಗಳ ಮೇಲೆ ಸದಾ ಒಂದು ಕಣ್ಣಿಟ್ಟಿದ್ದಳು. ಹುಡುಗಿ ಸೊರಗಿರಲಿಲ್ಲ. ದುಂಡಗೆ, ಗಟ್ಟಿಮುಟ್ಟಾಗಿಯೇ ಇದ್ದಳು. ತೋರಿಕಾ ಮೋಸಹೋದದ್ದು ಅಲ್ಲಿಯೇ. ಮೈ ನೋಡಿ ಮಗುವಿನ ಒಳಗಿನ ಸಂಕಟ ಅಳೆಯುವುದು ಎಲ್ಲ ದೇಶದ ತಾಯಂದಿರೂ ಮಾಡುವ ತಪ್ಪು. ಆಮೇಲೆ ಅವಳು ಮಾಡಿದ್ದು ಮಾತ್ರ ಫಿಜಿಯ ತಾಯಿಯೊಬ್ಬಳೇ ಮಾಡಬಲ್ಲ ತಪ್ಪು.

ಸೈನಿಮಿಲಿಗೆ ಹತ್ತೊಂಬತ್ತು. ರಾಜಧಾನಿ ಸುವಾದಲ್ಲಿ ಹೋಟೆಲ್ ಕೆಲಸದ ಕೋರ್ಸಿಗೆ ಸೇರಿದ್ದವಳು ಎರಡನೆಯ ವರ್ಷ ಶುರುವಾದ ತಿಂಗಳಿಗೇ ಒಂದು ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದಳು. ಚೀಲದಲ್ಲಿ ಬಟ್ಟೆಗಿಂತ ಜೋಪಾನವಾಗಿ ತಂದದ್ದು ಒಂದು ಜೆರಾಕ್ಸ್ ಪುಸ್ತಕ, ಒಂದು ಗೆರೆ ಹಾಕಿದ ನೋಟ್‌ಬುಕ್ಕು. ಹೊಟ್ಟೆಯ ತೊಂದರೆ ಇದೆ, ಅಲ್ಲಿನ ನರ್ಸ್ ಅಕಾನಿಸಿ ಮೂರು ತಿಂಗಳು ರಜೆ ಬರೆಸಿಕೊಟ್ಟಿದ್ದಾಳೆ, ಈ ಪುಸ್ತಕದಲ್ಲಿ ಇದ್ದಂತೆ ನಡೆದರೆ ಸರಿಹೋಗುತ್ತದೆ ಎಂದು ತಾಯಿಗೆ ಹೇಳಿದಳು. ಮಾತ್ರೆ ಕೊಟ್ಟಿಲ್ಲವೇ ಎಂದು ತೋರಿಕಾ ಕೇಳಿದಳು. ಕೊಟ್ಟಿಲ್ಲ. ಇಂಜೆಕ್ಷನ್? ಅದೂ ಇಲ್ಲ. ದಿನಕ್ಕೆ ಮೂರು ಊಟ, ನಡುನಡುವೆ ಮೂರು ಸಲ ಚೂರು ತಿಂಡಿ, ಎಲ್ಲ ಗಡಿಯಾರ ನೋಡಿಕೊಂಡು. ತಿಂದದ್ದನ್ನು ಒಂದೂ ಬಿಡದೆ ಬರೆಯಬೇಕು. ಗುರುವಾರ ನಾಲ್ಕು ಗಂಟೆಗೆ ನರ್ಸ್ ಫೋನ್ ಮಾಡಿ ಇಪ್ಪತ್ತು ನಿಮಿಷ ಮಾತಾಡುತ್ತಾಳೆ. ವೈದ್ಯೆಯೂ ಇವಳೇ, ರೋಗಿಯೂ ಇವಳೇ. ನರ್ಸ್ ಬರೀ ಜೊತೆಗಿರುವವಳು.

ತೋರಿಕಾಗೆ ನಗು ತಡೆಯಲಾಗಲಿಲ್ಲ. ತಿನ್ನುವುದೇ ಔಷಧಿಯಾದರೆ ತನ್ನಂಥ ವೈದ್ಯೆ ಈ ಕರಾವಳಿಯಲ್ಲೇ ಇಲ್ಲ ಎಂದು ಅಂದೇ ಮೀನು ತಂದು, ಕೆಸುವಿನೆಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಮರಗೆಣಸಿನ ರಾಶಿ ಮುಂದಿಟ್ಟಳು. ಪಕ್ಕದ ಮನೆಯ ನಾದಿನಿ ರೈಜೆಲಿ ಬಾಗಿಲಲ್ಲೇ ನಿಂತು ನೋಟ್‌ಬುಕ್ಕಿನ ಕಡೆ ಕಣ್ಣು ಹಾಯಿಸಿದಳು.

"ಆರು ಸಲ ತಿನ್ನು ಅಂತ ಚೀಟಿ ಬರ್ಕೊಡೋ ನರ್ಸ್ ಎಲ್ಲಿದಾಳೆ ಹೇಳೇ ಹುಡುಗಿ, ನಿಮ್ಮಾವನ್ನೂ ಕಳಿಸ್ತೀನಿ. ಅವ್ರು ಚೀಟಿ ಇಲ್ದೇನೇ ಎಂಟು ಸಲ ತಿಂತಾರೆ."

ಎಲ್ಲರೂ ನಕ್ಕರು. ಸೈನಿಮಿಲಿಯೂ ನಕ್ಕಳು.

ಹುಡುಗಿ ತಾಯಿಗೆ ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ತೋರಿಕಾಗೆ ಅದು ತಿಳಿದದ್ದು ಮೂರು ತಿಂಗಳ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಕಾಯಿಲೆಯ ಹೆಸರು ಬುಲಿಮಿಯಾ. ಹಾಸ್ಟೆಲಿನಲ್ಲಿ ಹುಡುಗಿ ದಿನವಿಡೀ ಹಸಿದಿದ್ದು, ಆಮೇಲೆ ಬಾಗಿಲು ಹಾಕಿಕೊಂಡು ಕಂಡದ್ದನ್ನೆಲ್ಲ ತಿಂದು, ತಿಂದದ್ದಕ್ಕೆ ನಾಚಿ ಸತ್ತು, ಅದನ್ನು ಹೊರಗೆ ಹಾಕಿ ಬರುತ್ತಿದ್ದಳು. ಒಂದು ವರ್ಷ ಹೀಗೆ ನಡೆದಿತ್ತು. ಅಮ್ಮನಿಗೆ ಹೇಳೋಣ ಎಂದು ಅಕಾನಿಸಿ ಎರಡು ಸಲ ಕೇಳಿದ್ದಳು. ಬೇಡ, ಅಮ್ಮ ಮಾಡಿದ ಅಡಿಗೆಯನ್ನು ಚೆಲ್ಲುತ್ತೇನೆ ಎಂದು ಅಮ್ಮನಿಗೆ ಹೇಗೆ ಹೇಳಲಿ ಎಂದು ಹುಡುಗಿ ಎರಡು ಸಲವೂ ಅತ್ತಿದ್ದಳು. ಹದಿನೆಂಟು ದಾಟಿದವಳ ಮಾತು, ನರ್ಸ್ ಮೀರುವಂತಿರಲಿಲ್ಲ.

ಆರು ವಾರ ಎಲ್ಲವೂ ಸರಿಯಾಗಿ ನಡೆಯಿತು. ಹತ್ತೂವರೆಗೆ ನಿಂಬೆಎಲೆಯ ಚಹಾ, ಎರಡು ಬಿಸ್ಕತ್ತು. ನಾಲ್ಕಕ್ಕೆ ಬಾಳೆಹಣ್ಣು. ತಿಂದಾದ ಮೇಲೆ ಹುಡುಗಿ ಚಾಪೆಯ ಮೇಲೆ ಬೋರಲು ಮಲಗಿ ಬರೆಯುತ್ತಿದ್ದಳು. ಗುರುವಾರ ಫೋನ್ ಹಿಡಿದು ನೀರಿನ ಟ್ಯಾಂಕಿನ ಪಕ್ಕದ ದಿಬ್ಬ ಹತ್ತುತ್ತಿದ್ದಳು, ಸಿಗ್ನಲ್ ಸಿಗುವುದು ಅಲ್ಲೇ. ಇಳಿದು ಬಂದಾಗ ಮುಖ ತೊಳೆದ ಹಾಗೆ ಇರುತ್ತಿತ್ತು. ನೋಟ್‌ಬುಕ್ಕನ್ನು ಯಾರೂ ಮುಟ್ಟಬಾರದು ಎಂದಿದ್ದಳು. ಬಾಗಿಲು ಹಾಕುವ ರೂಢಿಯೇ ಇಲ್ಲದ ಊರಿನಲ್ಲಿ ಅಂಥ ಮಾತು ನಡೆಯುವುದು ಕಷ್ಟ. ಆದರೂ ತೋರಿಕಾ ಆ ನೋಟ್‌ಬುಕ್ಕಿನ ಮೇಲೆ ಕೈ ಹಾಕಲಿಲ್ಲ. ತಾನೆಂಥ ನಂಬಿಕಸ್ಥ ತಾಯಿ ಎಂದು ಒಳಗೊಳಗೇ ಹೆಮ್ಮೆಪಟ್ಟಳು. ಒಂದು ದಿನ, ಒಂದೇ ಒಂದು ದಿನ, ಕದ್ದು ಓದಿದ್ದರೆ!

ಏಳನೆಯ ವಾರ ಚರ್ಚಿನ ವಾರ್ಷಿಕದ ಊಟ ಬಂತು. ಗುಂಡಿ ತೋಡಿ ಹೂಡಿದ ನೆಲದೊಲೆಗಳು ನಸುಕಿನಲ್ಲೇ ಹೊಗೆಯಾಡತೊಡಗಿದವು. ನಮ್ಮಲ್ಲಿ ಪದ್ಧತಿ ಗೊತ್ತೇ ಇದೆ: ಮೊದಲು ಪಾದ್ರಿ, ಹಿರಿಯರು, ಹೊರಗಿನ ಊರಿನವರು, ಆಮೇಲೆ ಗಂಡಸರು, ಮಕ್ಕಳು. ಬಡಿಸುವ ಹುಡುಗಿಯರು ಕಟ್ಟಕಡೆಗೆ. ಸೈನಿಮಿಲಿ ಬೆಳಿಗ್ಗೆ ತಾಯಿಯ ಹತ್ತಿರ ಬಂದು, ತಾನು ಹನ್ನೆರಡೂವರೆಗೆ ಒಂದು ಮೂಲೆಯಲ್ಲಿ ಕೂತು ಉಣ್ಣಲೇ ಎಂದು ಮೆಲ್ಲಗೆ ಕೇಳಿದಳು. ತೋರಿಕಾ ಗದರಿದಳು. ಹಿರಿಯರು ಉಣ್ಣುವ ಮೊದಲು ಹುಡುಗಿ ಉಂಡರೆ ಜನ ಏನೆಂದಾರು, ಒಂದು ದಿನ ನಿನ್ನ ಗಡಿಯಾರಕ್ಕೂ ರಜೆ ಕೊಡು ಎಂದಳು. ಹುಡುಗಿಗೆ ಊಟ ಸಿಕ್ಕಾಗ ಮೂರೂವರೆ. ಆ ಹೊತ್ತಿಗೆ ಅವಳು ಅಡಿಗೆ ಚಪ್ಪರದ ಹಿಂದೆ ಒಬ್ಬಳೇ ಕೂತು, ತಲೆಯೆತ್ತದೆ, ಉಳಿದದ್ದನ್ನೆಲ್ಲ ತಿಂದಳು. ತೋರಿಕಾ ದೂರದಿಂದ ನೋಡಿ, ಪಾಪ ಹಸಿದಿದ್ದಾಳೆ ಎಂದುಕೊಂಡಳು. ಹುಡುಗಿ ಎದ್ದು ತೊರೆಯ ಕಡೆ ಹೋದದ್ದನ್ನೂ ನೋಡಿದಳು.

ಮಾರನೆಯ ದಿನದಿಂದ ಸೈನಿಮಿಲಿ ತಟ್ಟೆ ಮುಟ್ಟಲಿಲ್ಲ. ನೀರು, ಮತ್ತೆ ನೀರು. ಬಾಯಿ ವಾಸನೆ, ಕಣ್ಣಲ್ಲಿ ಕಳೆಯಿಲ್ಲ. ಮೂರನೆಯ ದಿನ ರೈಜೆಲಿ ಅವಳ ಗಲ್ಲ ಹಿಡಿದೆತ್ತಿ ನೋಡಿ, ಇದು ಮದಾಕೆಯಲ್ಲದೆ ಇನ್ನೇನು ಎಂದಳು. ಮದಾಕೆ ಬಂದರೆ ಹಸಿವು ಸಾಯುತ್ತದೆ, ಅನ್ನ ಸೇರುವುದಿಲ್ಲ. ಇಲ್ಲಿ ಮದಾಕೆ ಬರದ ಮಗುವಿಲ್ಲ, ಅದಕ್ಕೆ ಕಷಾಯ ಕುಡಿಯದ ಮಗುವೂ ಇಲ್ಲ. ತೋರಿಕಾ ತನ್ನ ತಲೆಗೆ ಇದು ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡು, ಕಾಣಿಕೆಗೆಂದು ಒಂದು ತುಂಡು ಬಟ್ಟೆ, ಒಂದು ಸಾಬೂನು ಹಿಡಿದು ಔಷಧಿ ಕೊಡುವ ವಾಸಿತಿ ಅಜ್ಜಿಯ ಮನೆಗೆ ನಡೆದಳು. ಅಜ್ಜಿ ಎಲೆ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಹಸಿರು ಕಷಾಯ ತುಂಬಿಕೊಟ್ಟಳು. ನಾಲ್ಕು ದಿನ, ಬೆಳಿಗ್ಗೆ ಬರಿಹೊಟ್ಟೆಗೆ. ಹೊಟ್ಟೆ ಪೂರ್ತಿ ತೊಳೆದುಹೋಗುತ್ತದೆ, ಐದನೆಯ ದಿನ ಹಸಿವು ತಾನಾಗಿ ಬರುತ್ತದೆ.

ಲೋಟ ಕಂಡು ಸೈನಿಮಿಲಿ ಹಿಂದಕ್ಕೆ ಸರಿದಳು.

"ಅಮ್ಮಾ, ಇದು ಬೇಡ. ಹೊಟ್ಟೆ ಖಾಲಿ ಮಾಡೋ ಯಾವ್ದೂ ತಗೋಬಾರ್ದು ಅಂತ ಪುಸ್ತಕದಲ್ಲಿದೆ."

"ಪುಸ್ತಕ ಬರೆದೋರಿಗೆ ಮದಾಕೆ ಗೊತ್ತೇನೇ? ನಾಲ್ಕು ವರ್ಷದ ಕೂಸಿದ್ದಾಗಿಂದ ಕುಡಿಸಿದೀನಿ ನಿಂಗೆ. ಕಣ್ಮುಚ್ಕೊಂಡು ಕುಡಿ."

ಹುಡುಗಿ ಲೋಟವನ್ನೂ ತಾಯಿಯನ್ನೂ ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಹೆದರಿಕೆಯಿತ್ತು. ಕಹಿಗೆ ಹೆದರಿದ್ದಾಳೆಂದು ತೋರಿಕಾ ಬಗೆದಳು. ಸೈನಿಮಿಲಿ ಕುಡಿದಳು. ನಾಲ್ಕೂ ದಿನ ಕುಡಿದಳು. ಐದನೆಯ ದಿನ ನಿಜವಾಗಿಯೂ ಹಸಿವು ಬಂತು, ಪಾತ್ರೆಯ ತಳ ಕಾಣುವ ತನಕ ಉಂಡಳು. ತೋರಿಕಾ ಅಜ್ಜಿಗೆ ಇನ್ನೊಂದು ತುಂಡು ಬಟ್ಟೆ ಕೊಟ್ಟು ಬಂದಳು.

ಹತ್ತು ದಿನವಾಗಿರಲಿಲ್ಲ, ಹುಡುಗಿ ತಾನೇ ಬಂದು ಮತ್ತೆ ಮದಾಕೆ ಬಂದಂತಿದೆ ಎಂದಳು. ತೋರಿಕಾಳ ಸಂತೋಷ ಹೇಳತೀರದು. ಸುವಾದ ಪುಸ್ತಕಕ್ಕಿಂತ ತಾಯಿಯ ಮದ್ದನ್ನು ನಂಬಿದಳಲ್ಲ ಮಗಳು! ಇದನ್ನು ಅವಳು ಬಾವಿಕಟ್ಟೆಯಲ್ಲಿ, ಬಸ್ ನಿಲ್ದಾಣದಲ್ಲಿ, ಹೆಂಗಸರ ಪ್ರಾರ್ಥನೆಯಲ್ಲಿ ಎಲ್ಲ ಕಡೆ ಹೇಳಿಕೊಂಡು ತಿರುಗಿದಳು. ಮೂರನೆಯ ಸಲ, ನಾಲ್ಕನೆಯ ಸಲ ಕೇಳಿದಾಗಲೂ ಬೆಳಿಗ್ಗೆ ಎದ್ದು ಹೋಗಿ ತಂದಳು. ನೋಟ್‌ಬುಕ್ಕು ಚಾಪೆಯ ಕೆಳಗೆ ಸೇರಿ ಮೇಲೇಳಲಿಲ್ಲ. ಗುರುವಾರದ ಫೋನಿನಲ್ಲಿ ಹುಡುಗಿ ಎಲ್ಲ ಸರಿಯಿದೆ ಎನ್ನುತ್ತಿದ್ದಳು. ಆಮೇಲಾಮೇಲೆ ಸಿಗ್ನಲ್ ಇಲ್ಲ ಎಂದು ದಿಬ್ಬ ಹತ್ತುವುದನ್ನೇ ಬಿಟ್ಟಳು. ತೋರಿಕಾ ಏನೂ ಕೇಳಲಿಲ್ಲ. ಗುಣವಾದವಳಿಗೆ ನರ್ಸ್ ಯಾಕೆ ಎಂದುಕೊಂಡಳು.

ಜೂನ್ ತಿಂಗಳ ಒಂದು ಭಾನುವಾರ, ಮೂರನೆಯ ಕೀರ್ತನೆಗೆ ಎದ್ದು ನಿಂತ ಸೈನಿಮಿಲಿ ಬೆಂಚುಗಳ ನಡುವೆ ಕುಸಿದು ಬಿದ್ದಳು. ಯಾರದೋ ವ್ಯಾನಿನಲ್ಲಿ ಹಾಕಿಕೊಂಡು ಪಟ್ಟಣದ ಆಸ್ಪತ್ರೆಗೆ ಓಡಿದರು. ಮೈಯಲ್ಲಿರಬೇಕಾದ ಒಂದು ಲವಣ ಬಸಿದು ಹೋಗಿದೆ, ಹೃದಯದ ಬಡಿತ ದಾರಿ ತಪ್ಪಿದೆ, ಈ ರಾತ್ರಿ ಕಳೆಯಲಿ ನೋಡೋಣ ಎಂದರು ಡಾಕ್ಟರು. ರಾತ್ರಿ ಕಳೆಯಿತು. ಆಸ್ಪತ್ರೆಯವರು ಹುಡುಗಿಯ ಫೋನಿನಿಂದ ಸುದ್ದಿ ಮುಟ್ಟಿಸಿದ್ದರು, ಬೆಳಿಗ್ಗೆ ಸುವಾದಿಂದ ಮೊದಲ ಬಸ್ಸಿಗೆ ಅಕಾನಿಸಿ ಬಂದಿಳಿದಳು. ತೋರಿಕಾ ಅವಳನ್ನು ನೋಡಿದ್ದು ಅದೇ ಮೊದಲು. ಮೂವತ್ತು ದಾಟಿರದ, ಸಣ್ಣ ಧ್ವನಿಯ ಹೆಂಗಸು. ವರಾಂಡದ ಬೆಂಚಿನಲ್ಲಿ ಪಕ್ಕ ಕೂತು ಕೈ ಹಿಡಿದುಕೊಂಡು ಕೇಳಿದಳು.

"ಅಕ್ಕಾ, ಮನೇಲಿ ಅವಳಿಗೆ ಏನಾದ್ರೂ ಔಷಧಿ ಕೊಟ್ರಾ?"

"ಕೊಡ್ದೇ ಇರ್ತೀನಾ ಸಿಸ್ಟರ್? ಮದಾಕೆಗೆ ಕಷಾಯ ಕೊಟ್ಟೆ. ನಾಲ್ಕು ಸುತ್ತು. ಒಂದು ಬೆಳಿಗ್ಗೇನೂ ತಪ್ಪಿಸಿಲ್ಲ."

ಇಷ್ಟು ಹೇಳುವಾಗ ತೋರಿಕಾಳ ಧ್ವನಿಯಲ್ಲಿ ಹೆಮ್ಮೆಯಿತ್ತು. ಅದನ್ನು ನೆನೆದರೆ ಅವಳಿಗೆ ಇವತ್ತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ಅಕಾನಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಎಲ್ಲವನ್ನೂ ಹೇಳಿದಳು. ಕಾಯಿಲೆಯ ಹೆಸರು, ಹಾಸ್ಟೆಲಿನ ಬಾಗಿಲು, ಹೊಟ್ಟೆ ಖಾಲಿ ಮಾಡಿಕೊಳ್ಳಲು ಹಾತೊರೆಯುವ ಹುಡುಗಿಗೆ ಹೊಟ್ಟೆ ತೊಳೆಯುವ ಕಷಾಯ ಏನು ಮಾಡುತ್ತದೆಂಬುದು. ತೋರಿಕಾ ಪೂರ್ತಿ ಕೇಳಿಸಿಕೊಂಡಳು, ಊಟದ ದಿನ ತೊರೆಯ ಕಡೆ ಹೋದ ಮಗಳ ಬೆನ್ನು ಕಣ್ಣ ಮುಂದೆ ಬಂತು. ಬೇಲಿಯೇ ಎದ್ದು ಹೊಲ ಮೇದಿತ್ತು. ಎದೆಯೊಳಗೆ ಎದ್ದ ಉರಿಗೆ ಎದುರಿಗೆ ಸಿಕ್ಕಿದವಳು ನರ್ಸ್.

"ನಿಮಗೆ ಗೊತ್ತಿತ್ತು. ಹೆತ್ತೋಳಿಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಅವಳು ಬೇಡ ಅಂದಿದ್ಲು ಅಕ್ಕಾ." ಅಕಾನಿಸಿ ತಲೆ ತಗ್ಗಿಸಿದಳು. "ಮಾತ್ರೆ ಏನಾದ್ರೂ ತಗೊಂಡ್ಯಾ ಅಂತ ನಾನು ಪ್ರತಿ ಗುರುವಾರ ಕೇಳಿದೀನಿ. ಇಲ್ಲ ಅಂತಿದ್ಲು. ಅದು ಸುಳ್ಳೂ ಅಲ್ಲ. ಕಷಾಯ ಅಂತ ಕೇಳೋದು ನಂಗೆ ಹೊಳೀಲಿಲ್ಲ. ನಾನೂ ಅದನ್ನ ಕುಡ್ದೇ ಬೆಳೆದೋಳು."

ತೋರಿಕಾ ಎದ್ದು ಮಗಳ ಹಾಸಿಗೆಯ ಕಡೆ ನಡೆದಳು.

ನಾಲ್ಕನೆಯ ದಿನ ಹುಡುಗಿ ದಿಂಬಿಗೆ ಒರಗಿ ಕೂರುವಂತಾದಳು. ತೋರಿಕಾ ಆ ತನಕ ಒಂದು ಮಾತೂ ಎತ್ತಿರಲಿಲ್ಲ. ಮಗಳ ಕೂದಲು ಬಾಚುತ್ತಾ, ಮುಖ ಕಾಣದ ಕಡೆ ನಿಂತು, ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ ನೀನು ತರೋದು ನಿಲ್ಲಿಸ್ತಿದ್ದೆ," ಎಂದಳು ಸೈನಿಮಿಲಿ. ಮತ್ತೆ, "ನೀನು ಎಷ್ಟು ಖುಷಿಯಿಂದ ತರ್ತಿದ್ದೆ ಅಮ್ಮಾ. ನಂಗೆ ಅದನ್ನ ನೋಡೋಕೂ ಆಗ್ತಿರ್ಲಿಲ್ಲ, ಬಿಡೋಕೂ ಆಗ್ತಿರ್ಲಿಲ್ಲ," ಎಂದಳು.

ತೋರಿಕಾ ಬಾಚುವುದನ್ನು ನಿಲ್ಲಿಸಲಿಲ್ಲ.

ಆಸ್ಪತ್ರೆಯಿಂದ ಹುಡುಗಿ ಮನೆಗೆ ಬರಲಿಲ್ಲ. ಸುವಾದಲ್ಲಿ ಅಕಾನಿಸಿಯ ಚಿಕ್ಕಮ್ಮನ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಅಲ್ಲಿದ್ದುಕೊಂಡು ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಹಿಡಿಯುವುದೆಂದಾಯಿತು. ನಮಾಲಾಕ್ಕೆ ಯಾಕೆ ಬೇಡ ಎಂದು ತೋರಿಕಾ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಈ ಸಲ ಹುಡುಗಿಯ ಒಪ್ಪಿಗೆಯ ಮೇಲೆ ತಾಯಿಗೂ ಒಂದು ಪಾಲು ಕೊಟ್ಟರು: ಮಂಗಳವಾರ ನಾಲ್ಕಕ್ಕೆ ಹತ್ತು ನಿಮಿಷ ಫೋನು. ಹೇಗೆ ಮಾತಾಡಬೇಕೆಂದು ಅಕಾನಿಸಿ ಕೂರಿಸಿಕೊಂಡು ಹೇಳಿಕೊಟ್ಟಳು. ಯಾಕೆ ಮಾಡಿದೆ ಎಂದು ಕೇಳಕೂಡದು. ಅಳಕೂಡದು, ತಾಯಿ ಅತ್ತರೆ ಮಗಳು ತನ್ನ ಕಾಯಿಲೆ ಬಿಟ್ಟು ತಾಯಿಯನ್ನು ಸಮಾಧಾನ ಮಾಡಲು ಕೂರುತ್ತಾಳೆ. ಇವತ್ತು ಏನು ಬರೆದೆ, ಮುಂದಿನ ಊಟ ಎಷ್ಟು ಗಂಟೆಗೆ, ಇಷ್ಟೇ ಸಾಕು. ಮತ್ತೊಂದು ಮಾತು: ಅವಳು ಒಂದು ದಿನ ಕಷಾಯ ಕೇಳಿಯೇ ಕೇಳುತ್ತಾಳೆ. ಆಗ ನಾಳೆ ಎನ್ನಬೇಡಿ, ಮುಗಿದಿದೆ ಎನ್ನಬೇಡಿ. ಕೊಡುವುದಿಲ್ಲ ಎನ್ನಿ.

ಇದೇ ಕಷ್ಟದ ಪಾಠ. ನಮ್ಮಲ್ಲಿ ಬಂಧುಗಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ಪದ್ಧತಿಯೇ ಇಲ್ಲ. ಮನಸ್ಸಿಲ್ಲದವರು ನೆಪ ಹೇಳುತ್ತಾರೆ, ಅಡಗಿಕೊಳ್ಳುತ್ತಾರೆ, ಮುಖದ ಮೇಲೆ ಮಾತ್ರ ಹೇಳುವುದಿಲ್ಲ. ತೋರಿಕಾ ರೂಢಿ ಮಾಡಿಕೊಳ್ಳೋಣವೆಂದು ನಿಶ್ಚಯಿಸಿದಳು. ಮೊದಲು ಸಿಕ್ಕಿದವಳು ರೈಜೆಲಿ, ಕಾಯಿ ತುರಿಯುವ ಮಣೆ ಕೇಳಿಕೊಂಡು ಬಂದಿದ್ದಳು. ಕೊಡುವುದಿಲ್ಲ ಎಂಬ ಮಾತು ಗಂಟಲ ತನಕ ಬಂತು. ಬಾಯಿಯಿಂದ ಹೊರಬಿದ್ದದ್ದು, ತೆಗೆದುಕೊಂಡು ಹೋಗು, ಇಗೋ ಎರಡು ಕಾಯಿಯೂ ಇದೆ ಎಂಬುದು. ರೈಜೆಲಿ ಮಣೆಯನ್ನೂ ಕಾಯಿಯನ್ನೂ ಹೊತ್ತು ನಡೆದಳು. ತೋರಿಕಾ ಅವಮಾನದಿಂದ ಒಲೆಯ ಮುಂದೆ ಕೂತಳು.

ಮೊದಲೆರಡು ಮಂಗಳವಾರ ಚೆನ್ನಾಗಿ ನಡೆದವು. ಹುಡುಗಿ ಬರೆದದ್ದನ್ನು ಓದಿ ಹೇಳಿದಳು. ಒಂದು ದಿನ ತಪ್ಪಿದ್ದನ್ನೂ ಓದಿದಳು. ತೋರಿಕಾ ಸೆರಗಿಲ್ಲದ ಊರಿನಲ್ಲಿ ಸುತ್ತುಬಟ್ಟೆಯ ತುದಿಯನ್ನೇ ಬಾಯಿಗೆ ಒತ್ತಿಕೊಂಡು, ಮುಂದಿನ ಊಟ ಎಷ್ಟು ಗಂಟೆಗೆ ಎಂದು ಸರಿಯಾಗಿ ಕೇಳಿದಳು. ಮೂರನೆಯ ಮಂಗಳವಾರ ದಿಬ್ಬ ಹತ್ತಿ ಫೋನ್ ಮಾಡಿದಾಗ ಹುಡುಗಿಯ ಧ್ವನಿ ಚಿಕ್ಕ ಮಗುವಿನದಾಗಿತ್ತು.

"ಅಮ್ಮಾ, ನಂಗೆ ಮದಾಕೆ ಬಂದಿದೆ."

ತೋರಿಕಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಒಂದೇ ಒಂದ್ಸಲ ಅಮ್ಮಾ. ಬಸ್ ಡ್ರೈವರ್ ಕೈಲಿ ಬಾಟ್ಲಿ ಕಳ್ಸು, ಯಾರಿಗೂ ಗೊತ್ತಾಗಲ್ಲ. ತುಂಬಾ ತಿಂದ್ಬಿಟ್ಟಿದೀನಿ ಇವತ್ತು. ಒಳಗೇ ಇದೆ. ನಂಗೆ ತಡ್ಕೊಳ್ಳೋಕಾಗ್ತಿಲ್ಲ."

ನೆಪಗಳು ಸಾಲುಗಟ್ಟಿ ನಿಂತವು. ವಾಸಿತಿ ಅಜ್ಜಿ ಊರಲ್ಲಿಲ್ಲ. ಎಲೆ ಒಣಗಿದೆ. ಬಸ್ಸು ಹೋಯಿತು. ಒಂದೊಂದೂ ಮೆತ್ತಗಿತ್ತು, ಒಂದೊಂದರಲ್ಲೂ ನಾಳೆಯ ಆಸೆಯಿತ್ತು. ಹೆತ್ತ ಕರುಳು ಯಾವುದಾದರೂ ಒಂದನ್ನು ಹೇಳು, ಹೇಳು ಎಂದಿತು.

"ಕೊಡಲ್ಲ," ಎಂದಳು ತೋರಿಕಾ.

"ಏನು?"

"ಕೊಡಲ್ಲ ಮಗಳೇ. ಇವತ್ತೂ ಕೊಡಲ್ಲ, ಇನ್ಯಾವತ್ತೂ ಕೊಡಲ್ಲ."

ಹುಡುಗಿ, ಕೂಗಾಡದೆ, ತಣ್ಣಗೆ ಹೇಳಿದಳು.

"ಊರಿಗೆಲ್ಲ ಕೊಡ್ತೀಯ. ನಂಗೆ ಮಾತ್ರ ಇಲ್ಲ. ನೀನು ನಮ್ಮಮ್ಮನೇ ಅಲ್ಲ."

ಫೋನ್ ಕಟ್ ಆಯಿತು. ತೋರಿಕಾ ಹೇಳಿಕೊಟ್ಟ ಹಾಗೆ ಕೂಡಲೇ ಅಕಾನಿಸಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿದಳು. ನಾನೀಗಲೇ ಹೊರಟೆ, ನೀವು ಅಲ್ಲೇ ಇರಿ ಎಂದಳು ಅವಳು. ತೋರಿಕಾ ಅಲ್ಲೇ ಇದ್ದಳು. ಕೆಳಗೆ ಶಾಲೆ ಬಿಟ್ಟಿತು, ದೋಣಿಗಳು ದಡಕ್ಕೆ ಬಂದವು, ಯಾರೋ ಅವಳ ಹೆಸರು ಹಿಡಿದು ಕರೆದರು. ಅವಳು ಫೋನಿನಿಂದ ಕಣ್ಣು ತೆಗೆಯಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳು ಈಗ ಆ ಕೋಣೆಯಲ್ಲಿ ಏನು ಮಾಡಿಕೊಳ್ಳುತ್ತಿದ್ದಾಳೋ ಎಂಬ ಒಂದೇ ಯೋಚನೆ.

ಒಂದು ಗಂಟೆಯ ಮೇಲೆ ಫೋನ್ ಬಂತು.

"ಜೊತೇಲಿದೀನಿ ಅಕ್ಕಾ. ಹೊರಗೆ ಹಾಕ್ಲಿಲ್ಲ. ಅತ್ತು ಅತ್ತು ಈಗ ಕೂತು ಬರೀತಿದಾಳೆ," ಎಂದಳು ಅಕಾನಿಸಿ. ಮತ್ತೆ, "ಆದ್ರೆ ಇನ್ಮೇಲೆ ನಿಮ್ಮ ಫೋನ್ ಎತ್ತಲ್ವಂತೆ. ಮನೆಗೂ ಬರಲ್ವಂತೆ. ಬರೆದದ್ದನ್ನ ನಿಮಗೆ ಓದಿ ಹೇಳು ಅಂತಿದಾಳೆ. ಓದ್ಲಾ?" ಎಂದಳು.

"ಓದಿ."

"ನಾಲ್ಕು ಗಂಟೆ ಐದು ನಿಮಿಷ. ಹೊಟ್ಟೆಯಲ್ಲಿ ಎಲ್ಲ ಹಾಗೇ ಇದೆ. ಅಮ್ಮನನ್ನು ಕೇಳಿದೆ. ಅಮ್ಮ ಕೊಡಲ್ಲ ಅಂದಳು."

ಸರಿಯಾಗಿಯೇ ಬರೆದಿದ್ದಾಳೆ ಸಿಸ್ಟರ್, ಒಂದೂ ಸುಳ್ಳಿಲ್ಲ, ರಾತ್ರಿಯ ಊಟ ಎಷ್ಟು ಗಂಟೆಗೆ ಎಂದು ಅವಳನ್ನು ಕೇಳಿ ಎಂದಳು ತೋರಿಕಾ. ಫೋನ್ ಆರಿಸಿ, ಇನ್ನು ಯಾರಿಗೂ ಕೇಳಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆ ದಿಬ್ಬದ ಮೇಲೆ ಬಾಯಿಬಿಟ್ಟು ಅತ್ತಳು.